ಕೋಲಿನ ಬಣ್ಣ

ಕಾರ್ಯವೊಂದು ಸಿದ್ಧಿಸಿದಾಗ ಅದರಲ್ಲಿ ಮನುಷ್ಯನ ಪಾಲೆಷ್ಟು, ಅವನ ಕೈಯಲ್ಲಿದ್ದ ಉಪಕರಣದ ಪಾಲೆಷ್ಟು ಎಂಬ ಪ್ರಶ್ನೆಯು ತರ್ಕಶಾಸ್ತ್ರದ ಮೊದಲ ಪಾಠವನ್ನೋದಿದ ವಿದ್ಯಾರ್ಥಿಗೆ ಎಷ್ಟು ಪರಿಚಿತವೋ, ಆಯುಧಪೂಜೆಯ ದಿನ ತನ್ನ ಯಂತ್ರಕ್ಕೆ ಕುಂಕುಮವಿಡುವ ಕಾರ್ಮಿಕನಿಗೂ ಅಷ್ಟೇ ಪರಿಚಿತವಾದದ್ದು. ಆದರೂ ಆ ಪ್ರಶ್ನೆಯನ್ನು ತಂತಿಯುಳ್ಳ ಒಂದು ಕಂಪ್ಯೂಟರ್ ಮೌಸಿನ ವಿಷಯದಲ್ಲಿ ಎತ್ತಿದರೆ ನಗುವವರೇ ಹೆಚ್ಚು. ನಗಲಿ. ನಮ್ಮ ನೈಯಾಯಿಕರು ಕುಂಬಾರನ ಕೋಲೊಂದನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ಕಾರ್ಯಕಾರಣಭಾವವನ್ನು ವಿಚಾರಮಾಡಿದರು; ಅದು ಅಲ್ಪವಸ್ತುವೆಂದು ಅವರು ನಾಚಲಿಲ್ಲ.

ನಾನು ವಾಸಿಸುವ ಮರಳೂರು ತುಮಕೂರಿನಿಂದ ಕುಣಿಗಲ್ಲಿನ ಕಡೆಗೆ ಹೋಗುವ ರಸ್ತೆಯಲ್ಲಿದೆ. ಕೆರೆಯನ್ನು ನಂಬಿಕೊಂಡಿದ್ದ ಊರು ಈಗ ನಗರದೊಳಗೆ ಸೇರಿಹೋಗಿದೆ. 1979ರಲ್ಲಿ ಸ್ಥಾಪಿತವಾದ ಶ್ರೀ ಸಿದ್ಧಾರ್ಥ ತಾಂತ್ರಿಕ ವಿದ್ಯಾಲಯವು ಇಲ್ಲಿಯೇ ಇರುವುದರಿಂದ ಬಾಡಿಗೆ ಕೊಠಡಿಗಳಲ್ಲಿ ಎಂಜಿನಿಯರಿಂಗ್ ಓದುವ ಹುಡುಗರು ತುಂಬಿಕೊಂಡಿದ್ದಾರೆ. ಹಗಲಿನಲ್ಲಿ ಪಾಠದ ಕೆಲಸಕ್ಕೆ ನೆರವಾಗುವ ಮೌಸೇ ರಾತ್ರಿಯಲ್ಲಿ ವ್ಯಾಲರಂಟ್, ಕೌಂಟರ್-ಸ್ಟ್ರೈಕ್ ಮೊದಲಾದ ಆಟಗಳ ರಣರಂಗಕ್ಕೂ ಒದಗುತ್ತದೆ. ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿರುವ ಸೋದರಳಿಯನ ಕೋಣೆಯಿಂದ ಕೆಲವು ರಾತ್ರಿ ಕೇಳಿಬರುವ ಮಾತು ಒಂದೇ: "ಮೌಸೇ ಸರಿಯಿಲ್ಲ ಮಾವ, ಇಲ್ದಿದ್ರೆ ಗೆಲ್ತಿದ್ದೆ." ಗೆದ್ದ ರಾತ್ರಿಗಳಲ್ಲಿ ಮೌಸಿನ ಹೆಸರು ಅವನ ಬಾಯಲ್ಲಿ ಬಂದುದನ್ನು ನಾನು ಕೇಳಿಲ್ಲ. ಸೋಲಿಗೆ ಉಪಕರಣವನ್ನೂ ಗೆಲುವಿಗೆ ತನ್ನನ್ನೂ ಕಾರಣವೆಂದು ಭಾವಿಸುವ ಈ ಪ್ರವೃತ್ತಿ ಹದಿಹರೆಯದ ಹುಡುಗರಿಗೆ ಮಾತ್ರ ಸೇರಿದ್ದಲ್ಲ. ಅಕ್ಷರ ಕೆಟ್ಟರೆ ಲೇಖನಿಯನ್ನು ದೂರಿ, ಲೇಖನ ಚೆನ್ನಾಗಿ ಬಂದರೆ ಪ್ರತಿಭೆಯನ್ನು ಹೊಗಳಿಕೊಳ್ಳುವ ನಮ್ಮಂಥವರಿಗೂ ಅದು ಸಹಜವಾದ ದೌರ್ಬಲ್ಯವೇ. ಎರಡು ಫಲಗಳಿಗೂ ಒಂದೇ ಅಳತೆಗೋಲನ್ನು ಹಿಡಿಯುವವನು ಮಾತ್ರ ಉಪಕರಣವನ್ನು ಪರೀಕ್ಷಿಸಲು ಅಧಿಕಾರಿ.

ಆ ಅಳತೆಗೋಲು ನಮ್ಮಲ್ಲಿಯೇ ಉಂಟು. ಕಾರ್ಯಕ್ಕೆ ಮುನ್ನ ತಪ್ಪದೆ ಇರತಕ್ಕದ್ದು ಕಾರಣವೆಂದು ಅನ್ನಂಭಟ್ಟನ ತರ್ಕಸಂಗ್ರಹವು ಬಾಲಕರಿಗೂ ತಿಳಿಯುವಂತೆ ನಿರೂಪಿಸುತ್ತದೆ. ಆದರೆ ಮುನ್ನ ಇದ್ದ ಮಾತ್ರಕ್ಕೆ ಎಲ್ಲವೂ ಕಾರಣವಾಗದು. ಗಡಿಗೆ ಹುಟ್ಟುವುದಕ್ಕೆ ಮೊದಲು ಚಕ್ರವನ್ನು ತಿರುಗಿಸುವ ಕೋಲಿತ್ತು, ಆ ಕೋಲಿಗೊಂದು ಬಣ್ಣವೂ ಇತ್ತು. ಕುಂಬಾರನಿದ್ದನು, ಅವನಿಗೆ ಮುನ್ನ ಅವನ ತಂದೆಯಿದ್ದನು. ಆಕಾಶವಂತೂ ಎಲ್ಲಕ್ಕೂ ಮೊದಲೇ ಇತ್ತು. ಮಣ್ಣನ್ನು ಹೊತ್ತು ತಂದ ಕತ್ತೆಯೂ ಅಂಗಳದಲ್ಲಿ ನಿಂತಿತ್ತು. ಇವುಗಳಲ್ಲಿ ಕೋಲೂ ಕುಂಬಾರನೂ ಕಾರಣಗಳು. ಬಣ್ಣ, ತಂದೆ, ಆಕಾಶ, ಕತ್ತೆ ಇವು ಅನ್ಯಥಾಸಿದ್ಧಗಳು, ಎಂದರೆ ಇದ್ದೂ ಕಾರಣವೆನಿಸದವು. ಕೋಲಿನ ಕೋಲುತನವೆಂಬ ಜಾತಿಧರ್ಮವನ್ನೂ ಸೇರಿಸಿ ವಿಶ್ವನಾಥ ಪಂಚಾನನನು ಭಾಷಾಪರಿಚ್ಛೇದದಲ್ಲಿ ಇಂತಹ ಐದು ಬಗೆಗಳನ್ನು ಎಣಿಸಿದ್ದಾನೆ. ಇದ್ದರೆ ಕಾರ್ಯವುಂಟು, ಇಲ್ಲದಿದ್ದರೆ ಕಾರ್ಯವಿಲ್ಲ ಎಂಬ ಅನ್ವಯ ವ್ಯತಿರೇಕಗಳೇ ಇಲ್ಲಿ ಒರೆಗಲ್ಲು. ಹದಿನೇಳನೆಯ ಶತಮಾನದ ಈ ಪಂಡಿತರು ಇಂದಿನ ಕಂಪ್ಯೂಟರ್ ಅಂಗಡಿಯ ಮುಂದೆ ನಿಂತಿದ್ದರೆ ಮಾರುವವನ ಮಾತಿನಲ್ಲಿ ಮುಕ್ಕಾಲು ಪಾಲು ಕೋಲಿನ ಬಣ್ಣದ ವರ್ಣನೆಯೆಂದು ಒಂದು ಗಳಿಗೆಯಲ್ಲಿ ಕಂಡುಕೊಳ್ಳುತ್ತಿದ್ದರು.

ಇಲ್ಲಿ ಬಣ್ಣವೆಂಬುದು ಅಕ್ಷರಶಃ ಬಣ್ಣವೇ. ಆಟಕ್ಕೆಂದು ಮಾರಲ್ಪಡುವ ಮೌಸುಗಳ ಹೊಟ್ಟೆಯಲ್ಲಿ ಕೆಂಪು, ಹಸಿರು, ನೀಲಿ ದೀಪಗಳು ಕಾಮನಬಿಲ್ಲಿನಂತೆ ಹರಿದಾಡುತ್ತಿರುತ್ತವೆ. ಅವನ್ನು ಆರಿಸಿದರೆ ಗುರಿ ಕೂದಲೆಳೆಯಷ್ಟೂ ತಪ್ಪುವುದಿಲ್ಲ, ಉರಿಸಿದರೆ ಕೂದಲೆಳೆಯಷ್ಟೂ ಕೂಡುವುದಿಲ್ಲ. ಇದಕ್ಕಿಂತ ಶುದ್ಧವಾದ ಅನ್ಯಥಾಸಿದ್ಧಿಯ ನಿದರ್ಶನವನ್ನು ನವ್ಯನ್ಯಾಯದ ಗ್ರಂಥಗಳಲ್ಲಿಯೂ ಹುಡುಕುವುದು ಕಷ್ಟ.

ಸೂಕ್ಷ್ಮವಾದದ್ದು ಸಂಖ್ಯೆಗಳ ವಿಷಯ. ಮೌಸನ್ನು ಒಂದು ಅಂಗುಲ ಸರಿಸಿದಾಗ ಅದು ಎಷ್ಟು ಹೆಜ್ಜೆಗಳನ್ನು ಎಣಿಸಿ ಕಂಪ್ಯೂಟರಿಗೆ ತಿಳಿಸುತ್ತದೆಂಬುದನ್ನು ಡಿಪಿಐ ಎಂದು ಕರೆಯುತ್ತಾರೆ. ಕಚೇರಿಗಳಲ್ಲಿ ಎಲ್ಲೆಲ್ಲೂ ಕಾಣಸಿಗುವ ಡೆಲ್ ಎಂಎಸ್116 ಎಂಬ ತಂತಿಮೌಸಿನಲ್ಲಿ ಇದು 1000. ಆಟಗಾರರಲ್ಲಿ ಬಹುಪ್ರಚಾರದ ಲಾಜಿಟೆಕ್ ಜಿ102ರಲ್ಲಿ 200ರಿಂದ 8000ದವರೆಗೆ ಇಷ್ಟಬಂದಂತೆ ಹೊಂದಿಸಿಕೊಳ್ಳಬಹುದು. ಪರದೆಯ ಅಗಲ 1920 ಚುಕ್ಕೆಗಳೆಂದಿಟ್ಟುಕೊಂಡು, ಹೆಜ್ಜೆಗೊಂದು ಚುಕ್ಕೆಯಂತೆ ಲೆಕ್ಕ ಹಾಕಿದರೆ, 1000ದಲ್ಲಿ ಎರಡು ಅಂಗುಲದೊಳಗೆ ಬಾಣವು ಪರದೆಯ ಈ ಕಡೆಯಿಂದ ಆ ಕಡೆಗೆ ಮುಟ್ಟುತ್ತದೆ; 8000ದಲ್ಲಿ ಕಾಲು ಅಂಗುಲದೊಳಗೇ ಮುಟ್ಟಿಬಿಡುತ್ತದೆ. ಕಾಲು ಅಂಗುಲದೊಳಗೆ ಇಡೀ ರಣರಂಗವನ್ನು ಅಡಗಿಸಿಕೊಂಡು ಗುರಿಯಿಡಬಲ್ಲ ಕೈ ಮನುಷ್ಯರಲ್ಲಿ ವಿರಳ. ಪಳಗಿದ ಆಟಗಾರರು ಸಾಮಾನ್ಯವಾಗಿ 400ರಿಂದ 1600ರೊಳಗೇ ನಿಲ್ಲುತ್ತಾರೆ. ಹಾಗಾದರೆ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮೆರೆಯುವ ಆ ಮಹಾಸಂಖ್ಯೆ ಯಾವ ವರ್ಗಕ್ಕೆ ಸೇರಿತು? ನಾನು ಅದನ್ನು ಆಕಾಶದ ವರ್ಗಕ್ಕೆ ಸೇರಿಸುತ್ತೇನೆ: ಇದೆ, ವಿಶಾಲವಾಗಿಯೇ ಇದೆ, ಆದರೆ ಈ ಗಡಿಗೆಗೆ ಅದರಿಂದ ಆದದ್ದೇನೂ ಇಲ್ಲ.

ಇನ್ನೊಂದು ಸಂಖ್ಯೆ ಹಾಗಲ್ಲ. ಸಾಧಾರಣ ಮೌಸು ತನ್ನ ಚಲನೆಯನ್ನು ಸೆಕೆಂಡಿಗೆ 125 ಸಲ ವರದಿಮಾಡುತ್ತದೆ, ಎಂದರೆ 8 ಮಿಲಿಸೆಕೆಂಡಿಗೊಮ್ಮೆ. ಆಟದ ಮೌಸು ಸಾವಿರ ಸಲ, ಎಂದರೆ ಮಿಲಿಸೆಕೆಂಡಿಗೊಮ್ಮೆ. ಕಣ್ಣು ಕಂಡದ್ದಕ್ಕೆ ಬೆರಳು ಉತ್ತರ ಕೊಡಲು ಸುಮಾರು 200 ಮಿಲಿಸೆಕೆಂಡು ಬೇಕಾಗುವಾಗ ಈ ಏಳರ ಉಳಿತಾಯ ಹಾಸ್ಯಾಸ್ಪದವೆಂದು ತೋರಬಹುದು. ಪತ್ರವನ್ನು ಬೆರಳಚ್ಚು ಮಾಡುವವನಿಗೆ, ಮನೆಯ ಲೆಕ್ಕವನ್ನು ನೋಡುವವನಿಗೆ ಅದು ನಿಜವಾಗಿಯೂ ಹಾಗೆಯೇ. ಸಮಬಲರಾದ ಇಬ್ಬರು ಎದುರಾದ ಕ್ಷಣದಲ್ಲಿ ಮಾತ್ರ ಅದು ಕೋಲಾಗುತ್ತದೆ, ಬಣ್ಣವಾಗಿ ಉಳಿಯುವುದಿಲ್ಲ.

ಇವೆಲ್ಲಕ್ಕಿಂತ ಹಿರಿದಾದ ಗುಣವೊಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದೇ ಇಲ್ಲ. ಅದು ನಿಯತತ್ವ. ವಿಂಡೋಸಿನಲ್ಲಿ "ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಶನ್" ಎಂಬ ಏರ್ಪಾಡೊಂದು ಇದೆ. ಅದು ಜಾರಿಯಲ್ಲಿರುವವರೆಗೆ ಕೈಯನ್ನು ಎಷ್ಟು ದೂರ ಸರಿಸಿದೆವೆಂಬುದರ ಜೊತೆಗೆ ಎಷ್ಟು ವೇಗವಾಗಿ ಸರಿಸಿದೆವೆಂಬುದೂ ಲೆಕ್ಕಕ್ಕೆ ಬರುವುದರಿಂದ, ಅದೇ ಎರಡು ಅಂಗುಲವು ಒಮ್ಮೆ ಅರ್ಧ ಪರದೆಯನ್ನೂ ಮತ್ತೊಮ್ಮೆ ಇಡೀ ಪರದೆಯನ್ನೂ ದಾಟಿಸಬಹುದು. ಆಟಗಾರರು ಅದನ್ನು ಮೊದಲು ತೆಗೆದುಹಾಕುತ್ತಾರೆ. ಒಂದೇ ಕರ್ಮಕ್ಕೆ ಒಂದೇ ಫಲವೆಂಬ ಭರವಸೆಯಿಲ್ಲದ ಲೋಕದಲ್ಲಿ ಅಭ್ಯಾಸಕ್ಕೆ ಅರ್ಥವಿಲ್ಲವೆಂಬ ತತ್ತ್ವವನ್ನು, ಧರ್ಮಶಾಸ್ತ್ರವನ್ನು ಕಣ್ಣೆತ್ತಿಯೂ ನೋಡದ ಈ ಹುಡುಗರು ಬೆರಳ ತುದಿಯಿಂದ ಕಂಡುಕೊಂಡಿದ್ದಾರೆ; ಇದನ್ನು ಅರಿತಂದಿನಿಂದ ಅವರ ಆಟದ ಮೇಲೆ ನನಗೊಂದು ಗೌರವ ಹುಟ್ಟಿದೆ. ಗುಂಡಿಯ ವಿಷಯವೂ ಹೀಗೆಯೇ. ತಯಾರಕರು ಕೋಟಿ, ಎರಡು ಕೋಟಿ ಒತ್ತುಗಳ ಆಯುಸ್ಸನ್ನು ಹೇಳುತ್ತಾರಾದರೂ ಒಳಗಿನ ಲೋಹದ ಸ್ಪರ್ಶ ಸವೆದಾಗ ಒಂದು ಒತ್ತು ಎರಡೆಂದು ದಾಖಲಾಗತೊಡಗುತ್ತದೆ. ಮಾಡದ ಕರ್ಮಕ್ಕೆ ಫಲ ಬಂದಂತೆ! ಅಕೃತಾಭ್ಯಾಗಮವೆಂದು ಶಾಸ್ತ್ರಕಾರರು ಖಂಡಿಸಿದ ದೋಷ ಇದೇ ಅಲ್ಲವೆ?

ತಂತಿಯ ಬಗೆಗೆ ನಾಲ್ಕು ಮಾತು. ತಂತಿಯನ್ನು ಬಂಧನವೆಂದೂ ತಂತಿಯಿಲ್ಲದ್ದನ್ನು ಮುಕ್ತಿಯೆಂದೂ ಬಗೆಯುವುದು ಈಗಿನ ರೂಢಿ. ಆದರೆ ತಂತಿಯಿಲ್ಲದ ಮೌಸು ತನ್ನ ಪಾರತಂತ್ರ್ಯವನ್ನು ಬ್ಯಾಟರಿಯ ರೂಪದಲ್ಲಿ ಹೊಟ್ಟೆಯೊಳಗೆ ಹೊತ್ತಿರುತ್ತದೆ. ಯಾವ ಗಳಿಗೆಯಲ್ಲಿ ಕೈಕೊಡುವುದೆಂದು ಹೇಳಬರುವುದಿಲ್ಲ. ತಂತಿಮೌಸು ಪರಾಧೀನವೆಂಬುದನ್ನು ಮುಚ್ಚಿಡುವುದಿಲ್ಲ. ವಿದ್ಯುತ್ತನ್ನೂ ವಾರ್ತೆಯನ್ನೂ ಒಂದೇ ದಾರಿಯಲ್ಲಿ ಸಾಗಿಸುತ್ತ, ಕಡಿಮೆ ಬೆಲೆಯಲ್ಲಿ, ಕಡಿಮೆ ತೂಕದಲ್ಲಿ, ವಿಳಂಬವಿಲ್ಲದೆ ದುಡಿಯುತ್ತದೆ. ಅದರ ದೋಷವೆಂದರೆ ಗಡಸಾದ ತಂತಿ ಮೇಜಿನ ಅಂಚಿಗೆ ಉಜ್ಜಿ ಕೈಯನ್ನು ಹಿಂದೆಳೆಯುವುದು ಮತ್ತು ಮೌಸಿನ ದೇಹವನ್ನು ಸೇರುವ ಕೊರಳಿನಲ್ಲಿ ಬಳಲಿ ಬಳಲಿ ಒಳಗೇ ತುಂಡಾಗುವುದು. ಕೊಳ್ಳುವಾಗ ದೀಪವನ್ನು ನೋಡುವ ಕಣ್ಣು ಈ ಕೊರಳನ್ನು ನೋಡಬೇಕು.

ಈ ಉಪಕರಣದ ಮೊದಲ ಪರೀಕ್ಷೆ ಅದು ಹುಟ್ಟಿದ ಮನೆಯಲ್ಲಿಯೇ ನಡೆಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗಲ್‌ಬಾರ್ಟನ ಕಲ್ಪನೆಯಂತೆ ಬಿಲ್ ಇಂಗ್ಲಿಷನು 1964ರಲ್ಲಿ ಮರದ ಗೂಡಿನೊಳಗೆ ಎರಡು ಗಾಲಿಗಳನ್ನಿಟ್ಟು ಮೊದಲ ಮೌಸನ್ನು ಕಟ್ಟಿದನು. ಅನಂತರ ಬೆಳಕಿನ ಲೇಖನಿ, ಜಾಯ್‌ಸ್ಟಿಕ್, ಮೊಣಕಾಲಿನಿಂದ ನಡೆಸುವ ಸಾಧನ ಮುಂತಾದವುಗಳೊಡನೆ ಅದನ್ನು ಹೋಲಿಸಿ, ವೇಳೆಯನ್ನೂ ತಪ್ಪುಗಳನ್ನೂ ಅಳೆದರು. ಪಳಗಿದವರ ಕೈಯಲ್ಲಿ ಮೌಸು ಮುಂದಾಯಿತು. ಹೊಸಬರಿಗೆ ಬೆಳಕಿನ ಲೇಖನಿಯೇ ಸುಲಭವಾಗಿತ್ತು. ಯೋಗ್ಯತೆಗೆ ತಕ್ಕಂತೆ ಸಾಧನವೂ ಬೇರೆಯಾಗುವ ಅಧಿಕಾರಿಭೇದವೆಂಬುದು ವೇದಾಂತದಲ್ಲಿ ಮಾತ್ರವಲ್ಲ, ಇಲ್ಲಿಯೂ ಸಲ್ಲುತ್ತದೆ.

ಆಟಕ್ಕಾಗಿ ಒಂದು ಉಪಕರಣವನ್ನು ಇಷ್ಟು ಶ್ರದ್ಧೆಯಿಂದ ಆರಿಸುವುದು ಸಲ್ಲದು, ಕಾಯಕಕ್ಕಾದರೆ ಸಲ್ಲುತ್ತದೆ ಎನ್ನುವ ಹಿರಿಯರು ನಮ್ಮ ಬೀದಿಯಲ್ಲಿದ್ದಾರೆ. ಅವರಿಗೆ ನಾನು ನೆರೆಯ ಗುಬ್ಬಿಯನ್ನು ತೋರಿಸುತ್ತೇನೆ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯೂ, ಅದನ್ನು ನಾಡಿನ ಹೆಸರಾಗಿಸಿದ ವೀರಣ್ಣನವರೂ ಆಟವನ್ನೇ ಕಾಯಕವಾಗಿ ಮಾಡಿಕೊಂಡವರು. ಕುರುಕ್ಷೇತ್ರದ ಪ್ರಯೋಗಕ್ಕೆ ರಂಗದ ಮೇಲೆ ನಿಜವಾದ ಆನೆಯನ್ನೇ ತಂದವರಿಗೆ ಉಪಕರಣದ ವಿಷಯದಲ್ಲಿ ಉದಾಸೀನವಿತ್ತೆಂದು ಯಾರೂ ಹೇಳಲಾರರು. ವೇದಾಂತದ ಸೂತ್ರಕಾರರಾದ ಬಾದರಾಯಣರಂತೂ ಜಗತ್ಸೃಷ್ಟಿಯನ್ನೇ ಲೀಲೆಯೆಂದುಬಿಟ್ಟರು. ಆಟವೆಂಬ ಮಾತ್ರಕ್ಕೆ ಅದು ಕೀಳಲ್ಲ. ನಿದ್ದೆಯನ್ನೂ ಪಾಠವನ್ನೂ ನುಂಗುವ ಆಟ ಕೀಳು. ಅದರ ವಿಚಾರಣೆ ಬೇರೆ ನ್ಯಾಯಾಲಯದಲ್ಲಿ ಆಗಬೇಕಾದದ್ದು. ಮೌಸನ್ನು ಅಲ್ಲಿ ಕಟಕಟೆಗೆ ಎಳೆಯುವುದು ಅನ್ಯಾಯ.

ಇನ್ನು ಪೂಜೆಯ ಪ್ರಶ್ನೆ. ಮಹಾನವಮಿಯ ದಿನ ನಮ್ಮಲ್ಲಿ ನೇಗಿಲಿಗೆ, ಬಸ್ಸಿಗೆ, ಹೊಲಿಗೆಯಂತ್ರಕ್ಕೆ ಸಲ್ಲುವ ಅರಿಶಿನ ಕುಂಕುಮಗಳು ಕಂಪ್ಯೂಟರಿಗೂ ಅದರ ಮೌಸಿಗೂ ಸಲ್ಲುತ್ತವೆ. ತಾರ್ಕಿಕನು ಇಲ್ಲಿ ನನ್ನನ್ನು ತಡೆದು ಕೇಳಬಹುದು: "ದೀಪದ ಬಣ್ಣ ನಿಷ್ಪ್ರಯೋಜಕವೆಂದೆಯಲ್ಲ, ಕುಂಕುಮವೂ ಕೋಲಿನ ಮೇಲಿನ ಬಣ್ಣವೇ ಅಲ್ಲವೆ?" ಆಕ್ಷೇಪ ಬಲವಾದದ್ದು. ಕಾರ್ಯ ಯಾವುದೆಂದು ಮೊದಲು ಗೊತ್ತುಮಾಡದೆ ಕಾರಣವನ್ನು ನಿರ್ಣಯಿಸಲಾಗದೆಂಬುದೇ ಇದಕ್ಕೆ ಉತ್ತರ. ಗುರಿಯ ನಿಖರತೆ ಕಾರ್ಯವಾದರೆ ಕುಂಕುಮ ಅನ್ಯಥಾಸಿದ್ಧವೇ ಸರಿ. ಆದರೆ ಪೂಜೆಯ ಕಾರ್ಯ ಮೌಸಿನಲ್ಲಿ ಆಗುವುದಲ್ಲ, ಪೂಜಿಸುವವನಲ್ಲಿ ಆಗತಕ್ಕದ್ದು. ಕರ್ಮದ ಸಿದ್ಧಿಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವಗಳೆಂಬ ಐದು ಬೇಕೆಂದೂ, ತಾನೊಬ್ಬನೇ ಕರ್ತನೆಂದು ಕಾಣುವವನು ಸರಿಯಾಗಿ ಕಾಣನೆಂದೂ ಗೀತೆಯ ಹದಿನೆಂಟನೆಯ ಅಧ್ಯಾಯವು ಹೇಳುತ್ತದಷ್ಟೆ. ದುಡಿಯುವಾಗ ಒಳ್ಳೆಯ ಉಪಕರಣವು ಕೈಯೊಳಗೆ ಕರಗಿ ಮರೆತುಹೋಗುತ್ತದೆ, ಹಾಗೆ ಮರೆತುಹೋಗುವುದೇ ಅದರ ಹಿರಿಮೆ. ಅದರಿಂದಲೇ ಫಲವೆಲ್ಲ ತನ್ನದೆಂಬ ಭ್ರಮೆಗೂ ಎಡೆಯಾಗುತ್ತದೆ. ವರ್ಷಕ್ಕೊಮ್ಮೆ ಅದನ್ನು ದುಡಿಮೆಯಿಂದ ಬಿಡಿಸಿ, ಸುಮ್ಮನೆ ಮುಂದಿಟ್ಟುಕೊಂಡು ನೋಡಿದಾಗ ಐದರಲ್ಲಿ ಒಂದು ಮಾತ್ರ ತಾನೆಂಬ ಅರಿವು ಮೂಡಬೇಕು. ಆ ಅರಿವೇ ಕಾರ್ಯವಾದರೆ ಕುಂಕುಮವು ಕಾರಣವಾಗಬಲ್ಲದು. ಇದೇ ನ್ಯಾಯದಿಂದ, ಹುಡುಗನ ಸಂತೋಷವೊಂದೇ ಕಾರ್ಯವೆಂದಾದರೆ ಆ ಬಣ್ಣದ ದೀಪಗಳನ್ನೂ ನಾನು ಒಪ್ಪಿಕೊಳ್ಳಬೇಕಾಗುತ್ತದೆ. ಒಪ್ಪಿಕೊಂಡಿದ್ದೇನೆ, ಅದಕ್ಕೆ ಹೆಚ್ಚಿನ ಹಣವನ್ನು ಕೇಳದಿದ್ದರೆ.

ಓದುವುದಕ್ಕೂ ಆಡುವುದಕ್ಕೂ ಒಂದೇ ಮೌಸು ಬೇಕೆನ್ನುವ ಮನೆಗೆ ತಂತಿಯದೇ ಸಾಕು ಮತ್ತು ಅದೇ ಮೇಲು. ಅಂಗೈಯನ್ನು ಪೂರ್ತಿ ಊರುವವರಿಗೆ ಉಬ್ಬಿದ ಬೆನ್ನಿನದು, ಬೆರಳ ತುದಿಯಿಂದ ಹಿಡಿಯುವವರಿಗೆ ಚಿಕ್ಕದು ಒಗ್ಗುತ್ತದೆ. ತೂಕ ನೂರು ಗ್ರಾಮಿನೊಳಗಿರಲಿ, ವರದಿ ಸೆಕೆಂಡಿಗೆ ಸಾವಿರವಿರಲಿ, ತಂತಿ ಮೆದುವಾಗಿರಲಿ. ಗಾಜಿನ ಮೇಜಿನ ಮೇಲೆ ಸಾಧಾರಣ ಮೌಸಿನ ಕಣ್ಣು ನಡೆಯದು. ಕೆಳಗೊಂದು ಬಟ್ಟೆಯ ಹಾಸನ್ನು ಹಾಕಿರಿ. ಮತ್ತು ಕೊಳ್ಳುವ ಮುನ್ನ ಅಂಗಡಿಯವನನ್ನು ಕೇಳಿ ಪೆಟ್ಟಿಗೆಯನ್ನು ಬಿಚ್ಚಿಸಿ ಕೈಯಲ್ಲಿ ಹಿಡಿದು ನೋಡಿರಿ. ಒಪ್ಪದ ಅಂಗಡಿಯಾದರೆ ಮುಂದಿನದಕ್ಕೆ ಹೋಗಿರಿ.