ಬದುಕಿ ಉಳಿದವಳಿಗೆ ಕಥೆಯಲ್ಲಿ ಜಾಗವೆಲ್ಲಿ?

ಕೆಲವು ವರ್ಷಗಳ ಹಿಂದೆ ಶಹಾಬಾದಿನ ಒಂದು ಮನೆಯ ಅಂಗಳದಲ್ಲಿ ನಾವು ನಮ್ಮ ಕಥೆಯೊಂದನ್ನು ಓದಿದೆವು. ಹತ್ತು ಹನ್ನೆರಡು ಮಂದಿ ಸೇರಿದ್ದ ಸಣ್ಣ ಕೂಟ. ಕಥೆ 1948ರ ಸೆಪ್ಟೆಂಬರಿನದು. ಚಿಂಚೋಳಿ ಕಡೆಯ ಹಳ್ಳಿಯೊಂದರಲ್ಲಿ ಮುಸ್ಲಿಂ ಹೆಂಗಸೊಬ್ಬಳು, ಗಂಡ ಮನೆಯಲ್ಲಿಲ್ಲದ ರಾತ್ರಿ, ಬಾಗಿಲು ಒಡೆಯಲು ಬಂದವರ ಕೈಗೆ ಸಿಗದೆ ಹಿತ್ತಲ ಬಾವಿಗೆ ಹಾರುತ್ತಾಳೆ. ಓದು ಮುಗಿದಾಗ ಯಾರೂ ಮಾತಾಡಲಿಲ್ಲ. ಒಬ್ಬರು ಕಣ್ಣೊರೆಸಿಕೊಂಡರು. ಕಥೆಗಾರನಿಗೆ ಇನ್ನೇನು ಬೇಕು? ನಾವು ಒಳಗೊಳಗೇ ಹಿಗ್ಗಿದೆವು.

ಆಗ ಒಳಮನೆಯ ಪರದೆಯ ಹಿಂದಿನಿಂದ ಮುದುಕಿಯೊಬ್ಬರ ದನಿ ಕೇಳಿಸಿತು. ಆ ಮನೆಯ ಅಜ್ಜಿ. ದಖನಿಯಲ್ಲಿ ಅವರು ಕೇಳಿದ್ದು ಇಷ್ಟೇ: "ಆಕೆಯನ್ನು ಯಾಕೆ ಕೊಂದೆ ಬೇಟಾ?"

"ಕೊಂದದ್ದು ನಾವಲ್ಲ ದಾದಿಮಾ, ಆ ಕಾಲ" ಎಂದೆವು. ಉತ್ತರ ಚೆನ್ನಾಗಿದೆಯೆಂದೇ ನಮಗನಿಸಿತ್ತು.

"ಬಾವಿಗೆ ಬಿದ್ದವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಬೀಳದೆ ಉಳಿದವರೂ ಇದ್ದೆವಲ್ಲ. ನಮ್ಮದನ್ನು ಯಾರು ಹೇಳುತ್ತಾರೆ?"

ಅಷ್ಟು ಹೇಳಿ ಅವರು ಸುಮ್ಮನಾದರು. ಏನು ನಡೆದಿತ್ತೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗ ಅವರು ಇಲ್ಲ. ಯುದ್ಧಕಾಲದ ಹೆಣ್ಣಿನ ಬಗ್ಗೆ ಚಾರಿತ್ರಿಕ ಕಥೆ ಬರೆಯುವವರು ಯಾರಿಗೆ ಬದ್ಧರು ಎಂಬ ಪ್ರಶ್ನೆ ಅಂದಿನಿಂದ ನಮ್ಮ ಬೆನ್ನು ಬಿಟ್ಟಿಲ್ಲ.

ಮೊದಲು ಆ ಕಾಲವನ್ನು ನೆನೆಯೋಣ. 1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದಾಗ ಗುಲಬರ್ಗಾ, ಬೀದರ್, ರಾಯಚೂರು ಜಿಲ್ಲೆಗಳು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೈದರಾಬಾದ್ ಸಂಸ್ಥಾನದಲ್ಲೇ ಉಳಿದವು. ಅದೇ ವರ್ಷದ ನವೆಂಬರ್ 29ರಂದು ಭಾರತ ಸರಕಾರದೊಂದಿಗೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ನಡುವೆ ಲಾತೂರಿನ ವಕೀಲ ಖಾಸಿಂ ರಜ್ವಿಯ ಮುಂದಾಳತ್ವದ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ನರಮೇಧವನ್ನು ಈ ಸೀಮೆ ಇನ್ನೂ ಮರೆತಿಲ್ಲ. ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ ಸಂಸ್ಥಾನದ ಗಡಿ ದಾಟಿದವು. ಉಳಿದ ಮನೆಗಳಲ್ಲಿ ಹೆಂಗಸರು ಸಂಜೆಯಾದರೆ ದೀಪ ಹಚ್ಚಲೂ ಹೆದರಿದರು. ಈ ಅನ್ಯಾಯವನ್ನು ವಿರೋಧಿಸಿದ ಮುಸ್ಲಿಮರೂ ಇದ್ದರು. 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು ರಜಾಕಾರರ ವಿರುದ್ಧ ಬರೆದ ತಪ್ಪಿಗೆ 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಕದನ ನಿಲ್ಲಿಸಿದರು, 18ರಂದು ಶರಣಾಗತಿ. ನಮ್ಮ ಕಡೆ ಇದಕ್ಕೆ 'ಪೊಲೀಸ್ ಆಕ್ಷನ್' ಎಂಬ ಹೆಸರೇ ನಿಂತುಬಿಟ್ಟಿದೆ. ಸೈನ್ಯ ಬಂದದ್ದು ಐದು ದಿನದ ಕಥೆ, ಆಮೇಲಿನದು ವಾರಗಟ್ಟಲೆಯದು. ರಜಾಕಾರರು ಮಾಡಿದ್ದಕ್ಕೆ, ರಜಾಕಾರರ ಮುಖವನ್ನೇ ಕಾಣದ ಹಳ್ಳಿಯ ಬಡ ಮುಸ್ಲಿಮರು ಬೆಲೆ ತೆತ್ತರು. ಪ್ರಧಾನಿ ನೆಹರೂ ಅವರು ಕಳಿಸಿದ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರ ತಂಡ ಆ ವರ್ಷದ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಂಸ್ಥಾನದಲ್ಲಿ ಸುತ್ತಾಡಿತು. ಸತ್ತವರು 27,000ದಿಂದ 40,000 ಇರಬಹುದೆಂದು ಅದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ್. ಹೆಂಗಸರ ಅಪಹರಣವನ್ನೂ, ಹೆಣ ತುಂಬಿದ ಬಾವಿಗಳನ್ನೂ ಅದು ದಾಖಲಿಸಿತು. ಆ ವರದಿ ಸಾಮಾನ್ಯ ಓದುಗರ ಕೈಗೆ ಬರಲು ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲಿನಲ್ಲಿ ಕುಳಿತರೆ ಚಿತ್ತಾಪುರ, ಮಳಖೇಡ, ಸೇಡಂ ಒಂದರ ಹಿಂದೊಂದು ಬರುತ್ತವೆ. ನಿಜಾಮರ ಕಾಲದಲ್ಲಿ, 1874ರಲ್ಲಿ ಹಾಕಿದ ಹಳಿ ಅದು. ದಾರಿಯುದ್ದಕ್ಕೂ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ತೊಗರಿ ಹೊಲ. ಈ ಊರುಗಳಲ್ಲಿ ಸೆಪ್ಟೆಂಬರ್ 17 ಎಂಬ ದಿನ ಒಂದು ಮನೆಗೆ ಭಯ ಮುಗಿದ ದಿನ, ಗೋಡೆಯಾಚೆಯ ಮನೆಗೆ ಭಯ ಶುರುವಾದ ದಿನ. ಎರಡೂ ನಿಜ. ನಿಜಾಮರ ಆಳ್ವಿಕೆ ಕೊನೆಯಾಗಲೇಬೇಕಿತ್ತು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತ ಹೆಣ್ಣಿಗೆ ಹೊರಗೆ ನಿಂತವನು ಯಾವ ಬಾವುಟದವನು ಎಂಬುದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಅವಳ ಪಾಲಿಗೆ ಆಕ್ರಮಣವೆಂದರೆ ಆ ಬಾಗಿಲು ಮುರಿಯುವುದು.

ಇಲ್ಲಿಗೆ ಕಥೆಗಾರನ ಕೆಲಸ ಶುರುವಾಗುತ್ತದೆ, ತಪ್ಪೂ ಶುರುವಾಗುತ್ತದೆ. ಆ ಹೆಣ್ಣಿಗೆ ನಮ್ಮ ಸಾಹಿತ್ಯ ಎರಡೇ ದಾರಿ ಇಟ್ಟಿದೆ. ಒಂದು ಒನಕೆ, ಇನ್ನೊಂದು ಬಾವಿ.

ಒನಕೆಯ ದಾರಿ ಚಿತ್ರದುರ್ಗದ ಓಬವ್ವನದು. ಹೈದರಾಲಿಯ ಸೈನಿಕರನ್ನು ಕಿಂಡಿಯ ಬಳಿ ಕೊಂದ ಕಾವಲುಗಾರನ ಹೆಂಡತಿ. ತ.ರಾ.ಸು. ಅವರ ಬರಹದಿಂದ, 1972ರ 'ನಾಗರಹಾವು' ಚಿತ್ರದಿಂದ ಆಕೆ ಕನ್ನಡದ ಮನೆಮನೆಗೆ ಬಂದಳು. ಆ ಚಿತ್ರ ನೋಡುವಾಗ ನಾವೂ ಓಬವ್ವನ ಪರವಾಗಿಯೇ ಕೂಗಿದವರು. ಎದುರಾಳಿ ಹೈದರನ ಕಡೆಯವನೆಂದು ನಮಗೆ ಒಮ್ಮೆಯೂ ಅಡ್ಡಿಯಾಗಲಿಲ್ಲ. ಒಳ್ಳೆಯ ಕಥೆಯ ಗುಣವೇ ಅದು. ವಿಜಯಪುರದ ಸೊಸೆ ಚಾಂದಬೀಬಿಯೂ ಇದೇ ಸಾಲಿನವಳು. 1595-96ರಲ್ಲಿ ಮೊಘಲರ ಮುತ್ತಿಗೆಯಿಂದ ಅಹಮದ್‌ನಗರದ ಕೋಟೆಯನ್ನು ಕಾಪಾಡಿದಳು. ಅವಳನ್ನು ಕೊಂದದ್ದು ಮೊಘಲರಲ್ಲ. ಶತ್ರುವಿನೊಂದಿಗೆ ಸಂಧಿಗೆ ಇಳಿದಿದ್ದಾಳೆಂಬ ಮಾತು ಹಬ್ಬಿದಾಗ 1600ರಲ್ಲಿ ಅವಳ ಕಡೆಯವರೇ ಕೊಂದರು. ಕತ್ತಿ ಹಿಡಿದಷ್ಟು ದಿನ ವೀರ ವನಿತೆ, ಉಳಿಯುವ ದಾರಿ ಹುಡುಕಿದ ದಿನ ದ್ರೋಹಿ.

ಬಾವಿಯ ದಾರಿ ಇನ್ನೂ ಹಳೆಯದು. ದೇಶವಿಭಜನೆಯ ಹೊತ್ತಿನಲ್ಲಿ, 1947ರ ಮಾರ್ಚಿನಲ್ಲಿ, ರಾವಲ್ಪಿಂಡಿ ಬಳಿಯ ಥೋಹಾ ಖಾಲ್ಸಾ ಎಂಬ ಹಳ್ಳಿಯಲ್ಲಿ ಸುಮಾರು 90 ಸಿಖ್ ಹೆಂಗಸರು ಮುಸ್ಲಿಂ ಗುಂಪಿನ ಕೈಗೆ ಸಿಗಬಾರದೆಂದು ಬಾವಿಗೆ ಹಾರಿದರು. ಭೀಷ್ಮ ಸಾಹನಿಯವರ 'ತಮಸ್' ಕಾದಂಬರಿಯಲ್ಲಿ ಅಂಥದೊಂದು ಬಾವಿಯಿದೆ. ದೂರದರ್ಶನದಲ್ಲಿ 1988ರಲ್ಲಿ ಅದು ಬಂದಾಗ ದೇಶವೇ ನೋಡಿತು. ಪಂಜಾಬಿನಲ್ಲಿ ಬಾವಿಗೆ ಹಾರಿದವಳು ಸಿಖ್ಖಳು, ನಮ್ಮ ಕಥೆಯಲ್ಲಿ ಹಾರಿದವಳು ಮುಸ್ಲಿಂ. ಬಾವಿ ಮಾತ್ರ ಒಂದೇ.

ಸತ್ತವರನ್ನು ನಾವು ಹಳಿಯುತ್ತಿಲ್ಲ. ಎಲ್ಲ ದಾರಿ ಮುಚ್ಚಿದ ಆ ಗಳಿಗೆಯಲ್ಲಿ ಒಬ್ಬಳು ಏನು ಮಾಡಿದಳೆಂದು ತೀರ್ಪು ಕೊಡಲು ನಾವು ಯಾರು? ಅವರ ಲೆಕ್ಕ ಅಲ್ಲಾಹನ ಬಳಿ ಇದೆ. ಅವನು ಕರುಣಾಳು. ನಮ್ಮ ಪ್ರಶ್ನೆ ಇರುವುದು ಆಮೇಲೆ ಅವರನ್ನು ಹೊಗಳುವ ನಮ್ಮ ಬಗ್ಗೆ. ಜೀವ ಅಲ್ಲಾಹನ ಅಮಾನತ್ತು, ಅದನ್ನು ನಾವಾಗಿ ಕಳೆಯುವಂತಿಲ್ಲ ಎಂದು ಮಕ್ಕಳಿಗೆ ಕಲಿಸುವ ನಾವೇ, ಬಾವಿಗೆ ಹಾರಿದವಳ ಮಾತು ಬಂದಾಗ 'ಇಜ್ಜತ್ ಉಳಿಸಿದಳು' ಎಂದು ತಲೆದೂಗುತ್ತೇವೆ. ಹಾಗೆ ತಲೆದೂಗಿದಾಗ, ಅದೇ ಓಣಿಯಲ್ಲಿ ಬದುಕಿ ಉಳಿದವಳಿಗೆ ಏನು ಹೇಳಿದಂತಾಯಿತು? ನಿನ್ನದು ಉಳಿಯಲಿಲ್ಲ ಎಂದೇ ಅಲ್ಲವೆ? ಪರದೆಯ ಹಿಂದಿನ ಆ ಅಜ್ಜಿ ಅರವತ್ತು ವರ್ಷ ಕೇಳಿಸಿಕೊಂಡದ್ದು ಈ ಮಾತನ್ನೇ ಇರಬೇಕು. ಅಂದು ಅವರ ಮನೆಯ ಅಂಗಳದಲ್ಲೇ ಕುಳಿತು ನಾವು ಅದನ್ನು ಮತ್ತೊಮ್ಮೆ ಕೇಳಿಸಿದೆವು.

ಉರ್ದು ಓದಿದವರಿಗೆ ರಾಜಿಂದರ್ ಸಿಂಗ್ ಬೇಡಿಯವರ 'ಲಾಜವಂತಿ' ಗೊತ್ತಿರುತ್ತದೆ. ಆ ಕಥೆಯ ಗಂಡನ ಹೆಸರೂ ಸುಂದರಲಾಲ್. ಅಪಹರಣಕ್ಕೊಳಗಾಗಿ ಮರಳಿದ ಹೆಂಗಸರನ್ನು ಮನೆತುಂಬಿಸಿಕೊಳ್ಳಿ ಎಂದು ಬೀದಿಬೀದಿಯಲ್ಲಿ ಸಾರುವವನು. ತನ್ನ ಹೆಂಡತಿ ಮರಳಿದಾಗ ಅವಳನ್ನು 'ದೇವಿ' ಎಂದು ಕರೆದು ಮನೆಯಲ್ಲಿಟ್ಟುಕೊಳ್ಳುತ್ತಾನೆ. ಹಿಂದೆ ಹೊಡೆಯುತ್ತಿದ್ದವನು ಈಗ ಕೈಯೆತ್ತುವುದಿಲ್ಲ. ಆದರೆ ಆಕೆ ನಡೆದದ್ದನ್ನು ಹೇಳಲು ಹೊರಟರೆ ತಡೆಯುತ್ತಾನೆ. ಅವಳಿಗೆ ಬೇಕಾದದ್ದು ಪೂಜೆಯಲ್ಲ, ಮತ್ತೆ ಮೊದಲಿನ ಹೆಂಡತಿಯಾಗುವುದು. ದೇವಿಯ ಪೀಠ ಕೂಡ ಬಾಯಿ ಮುಚ್ಚಿಸುವ ಒಂದು ಬಗೆ ಎಂಬುದನ್ನು ಬೇಡಿ ಆ ಕಾಲದಲ್ಲೇ ಕಂಡುಕೊಂಡಿದ್ದರು.

ಹಾಗಾದರೆ ಪ್ರತಿರೋಧ ಎಂದು ಯಾವುದನ್ನು ಕರೆಯಬೇಕು? ಆಯುಧ ಹಿಡಿದವರದೂ ಪ್ರತಿರೋಧವೇ. ಸೇಡಂ, ಚಿಂಚೋಳಿಗಳ ಪಕ್ಕದ ತೆಲಂಗಾಣದಲ್ಲಿ 1946ರಿಂದ 1951ರವರೆಗೆ ನಡೆದ ರೈತ ಹೋರಾಟದಲ್ಲಿ ಹೆಂಗಸರಿದ್ದರು. ಅಗಸರ ಐಲಮ್ಮ ತನ್ನ ಹೊಲದ ಬೆಳೆಯನ್ನು ದೇಶಮುಖನಿಗೆ ಬಿಟ್ಟುಕೊಡಲಿಲ್ಲ. ಆ ಹೋರಾಟದ ಹೆಂಗಸರನ್ನು ಮಾತಾಡಿಸಿ ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆ 1986ರಲ್ಲಿ ತೆಲುಗಿನಲ್ಲಿ ಒಂದು ಪುಸ್ತಕ ತಂದಿತು. ಬಂದೂಕು ಹಿಡಿದಾಗ ಸಂಗಾತಿಗಳಾಗಿದ್ದವರು ಹೋರಾಟ ಮುಗಿದ ಮೇಲೆ ಮನೆಗೆ ಹೋಗಿ ಒಲೆ ಹಚ್ಚಬೇಕಾಯಿತು ಎಂಬ ಸಂಕಟ ಅದರಲ್ಲಿದೆ. ಹೋರಾಡಿದವಳಿಗೇ ಆಮೇಲೆ ಜಾಗ ಸಿಗಲಿಲ್ಲವೆಂದ ಮೇಲೆ, ಹೋರಾಡದೆ ಬರೀ ಉಳಿದವಳ ಗತಿ ಏನು?

ಸುಂದರಲಾಲ್ ತಂಡದ ವರದಿಯಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ನೆನೆಯುವವರು ಕಡಿಮೆ. ನೆರೆಯ ಮುಸ್ಲಿಮರನ್ನು ತಮ್ಮ ಪ್ರಾಣ ಪಣಕ್ಕಿಟ್ಟು ಕಾಪಾಡಿದ ಹಿಂದೂಗಳು ಅನೇಕ ಕಡೆ ಇದ್ದರು. ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರಿಗೆ ಅಡ್ಡ ನಿಂತು ತಾವೇ ಸತ್ತರು. ಅಪಹೃತ ಹೆಂಗಸರನ್ನು ಹುಡುಕಿ ಕೊಡಲು ನೆರವಾದವರೂ ಹಿಂದೂಗಳಲ್ಲಿದ್ದರು ಎಂದು ತಂಡ ಬರೆದಿದೆ. ಒಬ್ಬರನ್ನು ಮನೆಯಲ್ಲಿ ಬಚ್ಚಿಡುವುದೆಂದರೆ ಏನು? ಅವರಿಗೆ ರೊಟ್ಟಿ ಬಡಿಯಬೇಕು. ಹಿಟ್ಟು ಹೆಚ್ಚು ಖರ್ಚಾದದ್ದು ಓಣಿಗೆ ಗೊತ್ತಾಗಬಾರದು. ಕೂಸು ಅತ್ತರೆ ಬಾಯಿಗೆ ಸೆರಗು ಒತ್ತಬೇಕು. ಬಾಗಿಲಿಗೆ ಬಂದವರಿಗೆ ಕಣ್ಣಲ್ಲಿ ಕಣ್ಣಿಟ್ಟು ಇಲ್ಲಿ ಯಾರೂ ಇಲ್ಲ ಎನ್ನಬೇಕು. ಇದೆಲ್ಲ ಅಡುಗೆಮನೆಯ ಕೆಲಸ, ಹೆಂಗಸರ ಕೆಲಸ. ವರದಿ ಬರೆಯುವವರ ಕಣ್ಣಿಗೆ ಅಂಗಳದ ಗಂಡಸು ಕಾಣುತ್ತಾನೆ. ಒಲೆಯ ಮುಂದಿನವಳನ್ನು ಕಾಣಿಸುವುದು ಕಥೆಯ ಪಾಲಿಗೆ ಬಿಟ್ಟ ಕೆಲಸ.

ನಮ್ಮಂಥ ಮುಸ್ಲಿಂ ಕಥೆಗಾರರಿಗೆ ಇಲ್ಲಿ ಇನ್ನೊಂದು ಹೊಣೆಯಿದೆ. ಪೊಲೀಸ್ ಆಕ್ಷನ್ನಿನ ನಮ್ಮ ಹೆಂಗಸರ ಸಂಕಟವನ್ನು ಬರೆಯಲು ನಮ್ಮ ಕೈ ತಾನೇ ಓಡುತ್ತದೆ. ಅದಕ್ಕೂ ನಾಲ್ಕು ತಿಂಗಳ ಮುಂಚಿನ ಗೋರಟಾದ ಹೆಂಗಸನ್ನು ಬರೆಯುವಾಗ ಅದೇ ಕೈ ತಡವರಿಸುತ್ತದೆ. ಅವಳನ್ನು ಬರೆದರೆ ನಮ್ಮವರನ್ನು ಇನ್ನೊಬ್ಬರ ಬಾಯಿಗೆ ಕೊಟ್ಟಂತಾಗುತ್ತದೆಂಬ ಭಯ. ಅತ್ತ ಕಡೆಯ ಲೇಖಕರಿಗೂ ಇದೇ ಭಯ ತಿರುವುಮುರುವಾಗಿ ಇದ್ದೀತು. ಆದರೆ ನ್ಯಾಯದ ಸಾಕ್ಷಿ ನಮಗೇ, ನಮ್ಮ ಬಂಧುಗಳಿಗೇ ಪ್ರತಿಕೂಲವಾದರೂ ನುಡಿಯಬೇಕೆಂಬುದು ಕುರ್‌ಆನಿನ ಆಜ್ಞೆ. ಅದು ಕೋರ್ಟಿನ ಕಟ್ಟೆಗಷ್ಟೇ ಅಲ್ಲ, ಕಥೆ ಬರೆಯುವ ಮೇಜಿಗೂ ಅನ್ವಯಿಸುತ್ತದೆ. ಒಂದೇ ಕಡೆಯ ಹೆಣ್ಣನ್ನು ಬರೆದಾಗ ಅವಳು ಹೆಣ್ಣಾಗಿ ಉಳಿಯುವುದಿಲ್ಲ, ಎದುರು ಪಕ್ಷದ ಮೇಲೆ ಹಾಕಿದ ದಾವೆಯ ಕಾಗದವಾಗುತ್ತಾಳೆ.

ಹೇಳಿಕೊಳ್ಳಲು ಬಯಸದ ಹೆಣ್ಣಿನ ಮೌನವನ್ನು ಒಡೆಯುವ ಹಕ್ಕು ಕಥೆಗಾರನಿಗಿದೆಯೆ ಎಂದು ಕೆಲವರು ಕೇಳಬಹುದು. ಇಲ್ಲ ಎಂದೇ ನಮ್ಮ ಉತ್ತರ. ಅವಳ ಹೆಸರು, ಊರು, ಮನೆತನ ಅಮಾನತ್ತು. ಅದನ್ನು ಮುಟ್ಟದೆ ಸತ್ಯವನ್ನು ಹೇಳಲು ಸಾಧ್ಯವಾಗುವುದು ಕಥೆಯಲ್ಲಿ ಮಾತ್ರ. ಇತಿಹಾಸಕಾರನಿಗೆ ಹೆಸರು ಬೇಕು, ತಾರೀಖು ಬೇಕು. ಕಥೆಗಾರ ಹೆಸರನ್ನು ಮುಚ್ಚಿಟ್ಟು ನೋವನ್ನು ಬಿಚ್ಚಿಡಬಲ್ಲ. ಆದರೆ ಮೌನವನ್ನು ಕಾಯುವುದು ಬೇರೆ, ಆ ಮೌನದ ಜಾಗದಲ್ಲಿ ನಮಗೆ ಹಿತವಾದ ಸಾವನ್ನು ತಂದಿಡುವುದು ಬೇರೆ. ಅಂದು ನಾವು ಮಾಡಿದ್ದು ಎರಡನೆಯದು. ಬದುಕಿದವಳನ್ನು ಮುಂದೇನು ಮಾಡುವುದೆಂದು ತಿಳಿಯದೆ ಬಾವಿಗೆ ನೂಕಿದೆವು. ಅವಳು ಬದುಕಿದ್ದರೆ ಗಂಡ ಮರಳಿ ಬರುತ್ತಿದ್ದ, ಓಣಿಯವರು ಪಿಸುಗುಡುತ್ತಿದ್ದರು, ಬಸುರಿ ಇದ್ದಿರಬಹುದಿತ್ತು. ಅದನ್ನೆಲ್ಲ ಬರೆಯುವ ಧೈರ್ಯ ನಮಗಿರಲಿಲ್ಲ. ಕಥೆಯಲ್ಲಿ ಧೈರ್ಯವೆಂದು ಅವಳ ತಲೆಗೆ ಕಟ್ಟಿದ್ದು ನಮ್ಮ ಪುಕ್ಕಲುತನ.

ಆ ಕಥೆಯನ್ನು ನಾವು ಅಚ್ಚಿಗೆ ಕೊಡಲಿಲ್ಲ. ಆಮೇಲೆ ಎಷ್ಟೋ ಸಲ ತಿದ್ದಿದ್ದೇವೆ. ಈಗಿನ ಪ್ರತಿಯಲ್ಲಿ ಅವಳು ಹಾರುವುದಿಲ್ಲ. ಆ ರಾತ್ರಿ ಏನಾಯಿತೆಂದು ಕಥೆ ಹೇಳುವುದಿಲ್ಲ, ಅದು ಅವಳದು. ಮರುದಿನ ನಸುಕಿನಲ್ಲಿ ಅವಳು ಕೊಡ ಹಿಡಿದು ಅದೇ ಬಾವಿಗೆ ಬರುತ್ತಾಳೆ. ಮನೆಯಲ್ಲಿ ಮಕ್ಕಳಿಗೆ ನೀರಿಲ್ಲ. ಪಕ್ಕದ ಮನೆಯ ಲಿಂಗಾಯತ ಹೆಂಗಸೂ ನೀರಿಗೆ ಬಂದಿದ್ದಾಳೆ. ರಜಾಕಾರರ ದಿನಗಳಲ್ಲಿ ಅವಳ ಮನೆಯಲ್ಲಿ ಏನಾಗಿತ್ತೆಂದು ಇವಳಿಗೆ ಗೊತ್ತು, ಇವಳ ಮನೆಯಲ್ಲಿ ಏನಾಯಿತೆಂದು ಅವಳಿಗೆ ಗೊತ್ತಾಗಿದೆ. ಇಬ್ಬರೂ ಏನೂ ಕೇಳುವುದಿಲ್ಲ. ಅವಳು ಹಗ್ಗ ಹಿಡಿದರೆ ಇವಳು ಕೊಡ ಎತ್ತುತ್ತಾಳೆ.

ಇದು ಓದಿದವರ ಕಣ್ಣಲ್ಲಿ ನೀರು ತರಿಸುವ ಕಥೆಯಲ್ಲ. ಪರದೆಯ ಹಿಂದಿನ ಆ ಅಜ್ಜಿ ಇದನ್ನು ಒಪ್ಪುತ್ತಿದ್ದರೋ ಇಲ್ಲವೋ ಕೇಳಲು ಅವರು ಉಳಿದಿಲ್ಲ. ಆದರೆ ಅವರ ವಾರಿಗೆಯ ಒಬ್ಬಿಬ್ಬರು ಈ ಊರುಗಳ ಒಳಮನೆಗಳಲ್ಲಿ ಇನ್ನೂ ಇದ್ದಾರು. ಅವರೆದುರು ಕುಳಿತು ಓದಲು ಹಿಂಜರಿಯಬೇಕಾದ ಕಥೆಯನ್ನು ನಾವು ಬರೆಯಬಾರದು.