ನೊಗಲಿಯ ಹಸಿವು

ಶಬ್ದಕ್ಕೆ ಜಿಂಕೆ, ಸ್ಪರ್ಶಕ್ಕೆ ಆನೆ, ರೂಪಕ್ಕೆ ಪತಂಗ, ರುಚಿಗೆ ಮೀನು, ಗಂಧಕ್ಕೆ ದುಂಬಿ. ಒಂದೊಂದು ಇಂದ್ರಿಯಕ್ಕೆ ಸೋತು ಒಂದೊಂದು ಪ್ರಾಣಿ ಸಾಯುತ್ತದೆ, ಐದೂ ಇರುವ ಮನುಷ್ಯನ ಗತಿಯೇನು ಎಂದು ಹಿರಿಯರು ಕೇಳುತ್ತ ಬಂದಿದ್ದಾರೆ. ಹರಿಕಥೆಯಲ್ಲೋ ಪ್ರವಚನದಲ್ಲೋ ಈ ಮಾತು ಕೇಳದವರು ಕಡಿಮೆ. ನಾನೂ ಅದನ್ನು ತಕರಾರಿಲ್ಲದೆ ಒಪ್ಪಿಕೊಂಡಿದ್ದೆ. ಕಾಯ್ಕಿಣಿಗೆ ತಾಗಿಕೊಂಡಿರುವ ಮುರುಡೇಶ್ವರದ ದಂಡೆಯಲ್ಲಿ ಗಾಳ ಹಿಡಿದು ನಿಲ್ಲಲು ಕಲಿತ ಮೇಲೆ, ಆ ಪಟ್ಟಿಯಲ್ಲಿ ಮೀನಿಗೆ ಅನ್ಯಾಯವಾಗಿದೆ ಅನ್ನಿಸತೊಡಗಿತು.

ಕಾಯ್ಕಿಣಿ ಎಂದ ಕೂಡಲೇ ಕನ್ನಡ ಓದುಗರಿಗೆ ಆ ಹೆಸರು ಹೊತ್ತ ಲೇಖಕರಾದ ಗೌರೀಶರು, ಜಯಂತರು ನೆನಪಾಗುತ್ತಾರೆ. ಊರಿನ ಪಾಡಿಗೆ ಊರು ಗದ್ದೆ, ತೆಂಗು, ಕೊಂಕಣ ರೈಲಿನ ಸದ್ದು ಎಂದುಕೊಂಡು ಇದೆ. ಪಡುವಣಕ್ಕೆ ನಡೆದರೆ ಕಡಲು. ಅಲ್ಲಿ ಎತ್ತರದ ರಾಜಗೋಪುರವನ್ನು, 123 ಅಡಿಯ ಶಿವನನ್ನು ನೋಡಲು ಬಂದವರೆಲ್ಲ ತಲೆ ಮೇಲೆತ್ತಿ ನಿಂತಿರುತ್ತಾರೆ. ಗಾಳ ಹಾಕುವವನ ಕಣ್ಣು ಮಾತ್ರ ನೀರಿನ ಮೇಲೆ.

ಶುರು ಮಾಡಲು ಹೆಚ್ಚೇನೂ ಬೇಡ. ಅರ್ಧ ಮಿಲಿಮೀಟರ್ ದಪ್ಪದ ತಂಗೂಸಿ ಅಂದರೆ ನೈಲಾನ್ ನೂಲು, ಅದನ್ನು ಸುತ್ತಿಕೊಳ್ಳಲು ಒಂದು ಮರದ ತುಂಡು ಅಥವಾ ಬಾಟಲಿ, ತೂತಿರುವ ಸೀಸದ ಗುಂಡು, ಸಣ್ಣ ಗಾಳ, ಎರೆಗೆ ಶೆಟ್ಲಿಯ (ಸಿಗಡಿಯ) ತುಂಡು. ಕೋಲು, ರೀಲು ಆಮೇಲೆ ಬಂದರಾಯಿತು. ಮೊದಲು ಕೈಗೆ ನೂಲಿನ ಭಾಷೆ ತಿಳಿಯಬೇಕು. ಅಲೆ ಎಳೆದದ್ದು ಯಾವುದು, ಸೀಸ ಮರಳಲ್ಲಿ ಉರುಳಿದ್ದು ಯಾವುದು, ಬಾಯಿ ತಾಗಿದ್ದು ಯಾವುದು ಎಂದು ತೋರುಬೆರಳು ಹೇಳಬೇಕು. ಧಕ್ಕೆಯ ಮೇಲೆ ಇದು ಸುಲಭ. ತೆಂಗಿನಗುಂಡಿಯಲ್ಲೋ ಭಟ್ಕಳ ಬಂದರಿನಲ್ಲೋ ದೋಣಿಗಳಿಗೆ ಅಡ್ಡಿಯಾಗದ ಕಡೆ ಗಾಳವನ್ನು ನೇರ ಕೆಳಗೆ ಇಳಿಬಿಟ್ಟರೆ ಸಾಕು. ಕಂಬ, ಕಲ್ಲುಗಳಿಗೆ ಅಂಟಿದ ಚಿಪ್ಪುಜೀವಿಗಳ ಸುತ್ತ ಮೀನು ತಾನಾಗಿ ಸುಳಿಯುತ್ತದೆ. ತೆರೆದ ದಂಡೆಯಲ್ಲಿ ಹಾಗಲ್ಲ. ಅಲ್ಲಿ ಮೀನಿಗಿಂತ ಮೊದಲು ನೀರನ್ನು ಹುಡುಕಬೇಕು.

ನೀರನ್ನು ಹುಡುಕುವುದು ಎಂದರೆ, ಇಳಿತದ ಹೊತ್ತಿಗೆ ಬಂದು ದಂಡೆಯ ನೆಲ ಹೇಗಿದೆಯೆಂದು ನೋಡಿಕೊಳ್ಳುವುದು. ಎಲ್ಲಿ ಮರಳ ದಿಬ್ಬ, ಎಲ್ಲಿ ತಗ್ಗು, ಎಲ್ಲಿ ಎರಡು ದಿಬ್ಬಗಳ ನಡುವೆ ಕಾಲುವೆ. ಆಮೇಲೆ ಉಬ್ಬರ ಏರುತ್ತದೆ. ದಿಬ್ಬಗಳ ಮೇಲೆ ಅಲೆ ಒಡೆದು ಬೆಳ್ಳಗಾಗುತ್ತದೆ. ಕಾಲುವೆಯ ಮೇಲೆ ಮಾತ್ರ ನೀರು ಒಡೆಯದೆ ತುಸು ಕಪ್ಪಗೆ, ಶಾಂತವಾಗಿ ಇರುತ್ತದೆ. ಅಲೆ ಕೆದಕಿದ ಹುಳ, ಸಣ್ಣ ಏಡಿ, ಮರಿಶೆಟ್ಲಿಗಳೆಲ್ಲ ಅಲ್ಲಿಗೆ ಬಂದು ಸೇರುತ್ತವೆ. ಅವನ್ನು ತಿನ್ನಲು ಮೀನು ಬರುತ್ತದೆ. ಗಾಳ ಬೀಳಬೇಕಾದ್ದು ಅಲ್ಲಿಗೇ.

ದಂಡೆಗೆ ನುಗ್ಗಿದ ನೀರೆಲ್ಲ ರಭಸದಿಂದ ಕಡಲಿಗೆ ಮರಳುವುದೂ ಅದೇ ದಾರಿಯಲ್ಲಿ. ಅಲೆಯಿಲ್ಲದ ಆ ಜಾಗವನ್ನು ಕಂಡು ಇಲ್ಲೇ ಕ್ಷೇಮ ಎಂದುಕೊಂಡು ಇಳಿದವರನ್ನು ಅದು ಒಳಗೆ ಎಳೆದೊಯ್ಯುತ್ತದೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಈ ಕಡಲಲ್ಲೇ ಮುಳುಗಿ ಸತ್ತರು. ಕಡಲನ್ನೇ ಕಾಣದ ಊರಿನ ಮಕ್ಕಳಿಗೆ ಕಡಲನ್ನು ಓದಲು ಯಾರು ಕಲಿಸಿದ್ದರು? ಶಾಂತವಾದದ್ದೆಲ್ಲ ನಮ್ಮನ್ನು ಕಾಯುತ್ತದೆ ಎಂಬ ನಂಬಿಕೆ ಒಳನಾಡಿನ ಕೆರೆಯ ದಡದಲ್ಲೂ ಪೂರ್ತಿ ನಿಜವಲ್ಲ, ಇಲ್ಲಿ ಅದು ಜೀವಕ್ಕೇ ಎರವು. ಅದಕ್ಕೇ ಹೊಸಬರಿಗೆ ದಂಡೆಯ ಹಿರಿಯರು ಹೇಳುವ ಮೊದಲ ಮಾತು ಮೀನಿನ ಬಗ್ಗೆ ಇರುವುದಿಲ್ಲ: “ತಮಾ, ಮೊಣಕಾಲಿಗಿಂತ ಮುಂದೆ ಹೋಗ್ಬೇಡ, ನೀರಿಗೆ ಬೆನ್ನು ಹಾಕ್ಬೇಡ.”

ಈಗ ನೊಗಲಿಗೆ ಬರುತ್ತೇನೆ. ದಕ್ಷಿಣಕ್ಕೆ ಹೋದರೆ ಇದನ್ನೇ ಕಾಣೆ ಎನ್ನುತ್ತಾರೆ. ಗೇಣುದ್ದದ, ಮರಳಿನ ಬಣ್ಣದ, ಚೂಪು ಮೂತಿಯ ಮೀನು. ಬಲೆಯ ಸುಳಿವು ಸಿಕ್ಕರೆ ಮರಳಲ್ಲಿ ಹುದುಗಿಬಿಡುತ್ತದೆ, ಬಲೆ ಅದರ ಬೆನ್ನ ಮೇಲೆ ಹಾದುಹೋಗುತ್ತದೆ. ಇಷ್ಟು ಎಚ್ಚರದ ಜೀವ ಗಾಳಕ್ಕೆ ಬೀಳುತ್ತದೆ. ಮೊದಲು ಬೆರಳಿಗೆ ಟಕ್, ಟಕ್ ಎಂದು ಎರಡು ಸಣ್ಣ ತಟ್ಟು. ಅವಸರದಿಂದ ಎಳೆದರೆ ಬರಿಗಾಳ. ತುಸು ನೂಲು ಬಿಟ್ಟುಕೊಟ್ಟು ಕಾದರೆ ಅದು ತಿರುಗಿ ಓಡುತ್ತದೆ, ಆಗ ಮಣಿಕಟ್ಟು ಎತ್ತಬೇಕು. ದಂಡೆಗೆ ಬಂದ ಮೀನಿನ ಹೊಟ್ಟೆ ಬಗೆದು ನೋಡಿದರೆ ಹುಳ, ಪುಟ್ಟ ಏಡಿಯ ಚೂರು, ಅದೇ ಉಬ್ಬರದ ಊಟ.

ಇದರಲ್ಲಿ ಜಿಹ್ವಾಚಾಪಲ್ಯ ಎಲ್ಲಿದೆ? ನೀರು ಏರಿದಾಗ ತಿನ್ನಬೇಕು, ಇಳಿದಾಗ ಹಿಂದೆ ಸರಿಯಬೇಕು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋದಂತೆ ಅದರ ಊಟದ ಹೊತ್ತೂ ಸರಿಯುತ್ತದೆ. ಅದು ಹಸಿದಿತ್ತು, ತಿನ್ನಲು ಬಂತು, ಅಷ್ಟೇ. ಮೋಸ ಇದ್ದದ್ದು ನನ್ನ ತುದಿಯಲ್ಲಿ. ಹಸಿವನ್ನು ಆಸೆ ಎಂದು ಕರೆದು, ಸತ್ತವರ ಮೇಲೆಯೇ ತಪ್ಪು ಹೊರಿಸುವುದು ನಮಗೆ ಮೀನಿನ ವಿಷಯದಲ್ಲಷ್ಟೇ ರೂಢಿಯಾದದ್ದಲ್ಲ.

ಹಾಗಾದರೆ ಗಾಳ ಬಿಟ್ಟುಬಿಡಬೇಕೆ? ಈ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಖಾರ್ವಿಯರು, ಮೊಗೇರರು, ಹರಿಕಂತ್ರರು ತಲೆತಲಾಂತರದಿಂದ ಕಡಲನ್ನೇ ನಂಬಿದವರು, ಅವರಿಗೆ ಈ ಪ್ರಶ್ನೆ ಕೇಳುವ ಹಕ್ಕು ನನಗಿಲ್ಲ. ನನಗೆ ನಾನು ಕೇಳಿಕೊಳ್ಳಬಹುದು, ಕೇಳಿಕೊಳ್ಳಬೇಕು. ಸಿಕ್ಕ ಉತ್ತರ ಇಷ್ಟು: ಮೀನಿನ ಹಸಿವಿಗೆ ನನ್ನ ಹಸಿವು ಎದುರಾಗಿ ನಿಂತರೆ ಅದು ಕಡಲಿನ ನಿಯಮದೊಳಗೇ ಇದೆ. ಮನೆಯ ಇಂದಿನ ಸಾರಿಗೆ ಆಗುವಷ್ಟು ಸಿಕ್ಕ ಮೇಲೂ ಗಾಳ ಬೀಸುತ್ತಿದ್ದರೆ, ಪ್ರವಚನದ ಆ ಮೀನು ನಾನೇ. ಅಂಗೈಗಿಂತ ಸಣ್ಣದಾದರೆ ಕೈ ಒದ್ದೆ ಮಾಡಿಕೊಂಡು ಹಿಡಿದು, ಗಾಳ ಬಿಡಿಸಿ ನೀರಿಗೆ ಬಿಡಬೇಕು. ಒಣಗೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಬರುತ್ತದೆ. ಇಟ್ಟುಕೊಳ್ಳುವುದನ್ನು ಮರಳಲ್ಲಿ ಒದ್ದಾಡಲು ಬಿಡಬಾರದು, ತಲೆಗೆ ಒಂದೇ ಏಟು. ಮೋಸವನ್ನು ಇದು ತೊಳೆಯುವುದಿಲ್ಲ, ಸಂಕಟವನ್ನು ಕಡಿಮೆ ಮಾಡುತ್ತದೆ.

ಎಷ್ಟು ಹಿಡಿದರೆ ಸಾಕು ಎಂಬ ಪ್ರಶ್ನೆ ಇಡೀ ಕರಾವಳಿಗೂ ಎದುರಾದದ್ದುಂಟು. ಒಂದು ಕಾಲಕ್ಕೆ ಇಲ್ಲಿನ ದೊಡ್ಡ ದುಡಿಮೆ ರಂಪಣಿ, ದಡದಿಂದ ಎಳೆಯುವ ದೊಡ್ಡ ಬಲೆ. ಬಂಗಡೆ, ತಾರ್ಲೆಯ ಹಿಂಡು ದಡದ ಹತ್ತಿರ ಬರುವವರೆಗೆ ಕಾಯಬೇಕು, ಬಂದಾಗ ಹತ್ತಾರು ಜನ ಸೇರಿ ಹಗ್ಗ ಎಳೆಯಬೇಕು, ಸಿಕ್ಕದ್ದು ಪಾಲಾಗಬೇಕು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ಹೊರಗಡಲಲ್ಲಿ ಅದನ್ನು ಸುತ್ತುವರಿದವು. ಕಾದು ನಿಂತವರ ಬಲೆ ಬರಿದಾಯಿತು, ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಕಡಲು ಬಂದ್. ನೂಲುಹುಣ್ಣಿಮೆಗೆ ಕಡಲಿಗೆ ಕಾಯಿ ಒಪ್ಪಿಸಿ ಬಲೆ ಹಾಕುವ ರೂಢಿಯೊಳಗೇ ಇದ್ದ ಅಳತೆಯನ್ನು ಸರ್ಕಾರ ಆದೇಶವಾಗಿ ಬರೆಯಬೇಕಾಗಿ ಬಂತು.

ರಂಪಣಿಯ ಚಿಕ್ಕ ರೂಪವಾದ ಏಂಡಿ ಬಲೆಯನ್ನು ದಂಡೆಯಲ್ಲಿ ಈಗಲೂ ಎಳೆಯುವುದುಂಟು. ಹೊಸದಾಗಿ ಗಾಳ ಹಿಡಿದವರಿಗೆ ನಾನು ಹೇಳುವುದು: ಅವರು ಬಲೆ ಬಿಡುತ್ತಿರುವುದು ಕಂಡರೆ ಆ ನೀರಿನಲ್ಲಿ ನಿಮ್ಮ ಸೀಸ ಬೀಳಬಾರದು. ತಂಗೂಸಿ ಸುತ್ತಿಟ್ಟು ಹೋಗಿ ಹಗ್ಗಕ್ಕೆ ಕೈ ಕೊಡಿ. ಎಳೆದು ಮುಗಿದ ಮೇಲೆ ಯಾವ ಉಬ್ಬರಕ್ಕೆ ಎಲ್ಲಿ ನಿಲ್ಲಬೇಕು ಎಂದು ಅವರನ್ನೇ ಕೇಳಿ. ಅಷ್ಟು ಹೊತ್ತಿಗೆ ನಿಮ್ಮ ಉಬ್ಬರ ದಾಟಿಹೋಗಿರಬಹುದು. ನಾಳೆ 50 ನಿಮಿಷ ತಡವಾಗಿ ಬನ್ನಿ.