ಬೇರೆ ಯಾರೂ ಇರಲಿಲ್ಲ, ಅಷ್ಟೇ

ಮೊನ್ನೆ ರಾತ್ರಿ ಎರಡು ಗಂಟೆ ಸುಮಾರಿಗೆ ಮಗಳು ಅಳುವುದು ಕೇಳಿಸಿತು. ಎದ್ದು ಕೂತೆ. ಕನ್ನಡಕ ಹುಡುಕುವಷ್ಟರಲ್ಲಿ ಪಕ್ಕದ ರೂಮಿನಿಂದ ಅವ್ವ ಬಂದು ಅವಳನ್ನು ಹೆಗಲಿಗೆ ಹಾಕಿಕೊಂಡಾಗಿತ್ತು. "ನೀ ಮಲಿಕ್ಕಳಪ್ಪ, ಬೆಳಿಗ್ಗೆ ಆಫೀಸಿಗೆ ಹೋಗೋನು" ಅಂದಳು. ಮಲಗಿದೆ. ಐದೇ ನಿಮಿಷಕ್ಕೆ ನಿದ್ದೆಯೂ ಬಂತು. ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ವಿಷಯ ಚುಚ್ಚತೊಡಗಿತು: ಅವ್ವ ಮಲಗು ಅಂದಾಗ ನನಗೆ ಖುಷಿಯಾಗಿತ್ತು. ಒಂದು ವರ್ಷದ ಹಿಂದೆ ಇದೇ ಮಗು ಇದೇ ಹೊತ್ತಿನಲ್ಲಿ ಅತ್ತರೆ ಏಳುತ್ತಿದ್ದವನು ನಾನೇ. ಆಗ ಹಾಗೆ ಏಳುವುದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಮಗಳು ಹುಟ್ಟಿದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಪ್ರಾಜೆಕ್ಟ್ ಮೇಲೆ ಹೋದವರು ಮೂರು ವರ್ಷ ಉಳಿದುಬಿಟ್ಟಿದ್ದೆವು. ನಮ್ಮ ಕಡೆ ಹೆರಿಗೆ ಅಂದರೆ ತವರು, ಬಾಣಂತನ, ಅಗ್ಗಿಷ್ಟಿಕೆ, ಮೆಣಸಿನ ಸಾರು. ಅತ್ತೆ ಬರುವವರಿದ್ದರು, ಆದರೆ ಮಂಡಿ ಆಪರೇಷನ್ ಆಗಿ ಹಾಸಿಗೆ ಹಿಡಿದರು. ಅವ್ವನಿಗೆ ಪಾಸ್‌ಪೋರ್ಟೇ ಇರಲಿಲ್ಲ. ಬಂದಿದ್ದರೂ ಟೂರಿಸ್ಟ್ ವೀಸಾದಲ್ಲಿ 90 ದಿನವಷ್ಟೇ. ಹೀಗಾಗಿ ಬಾಣಂತನ ಮಾಡಿದ್ದು ನಾನು ಮತ್ತು ಒಬ್ಬ ಹೆಬಾಮೆ. ಹೆಬಾಮೆ ಅಂದರೆ ಅಲ್ಲಿಯ ಸೂಲಗಿತ್ತಿ. ಓದಿ, ಪರೀಕ್ಷೆ ಪಾಸು ಮಾಡಿದವರು. ಹೆರಿಗೆಯಾದ ಮೊದಲ ಹತ್ತು ದಿನ ದಿನವೂ ಮನೆಗೆ ಬಂದು ತಾಯಿ, ಮಗುವನ್ನು ನೋಡುತ್ತಾರೆ. ಖರ್ಚು ಆರೋಗ್ಯ ವಿಮೆಯದು. ಮಗುವಿನ ಕುತ್ತಿಗೆ ಹೇಗೆ ಹಿಡಿಯಬೇಕು, ನೀರು ಎಷ್ಟು ಬಿಸಿ ಇರಬೇಕು ಎಲ್ಲ ಆಕೆ ಹೇಳಿಕೊಟ್ಟಿದ್ದು ನನಗೆ. ಹೆಂಡತಿಗೆ ಮೆಂತ್ಯದ ಗಂಜಿ ಮಾಡುವುದನ್ನು ಅವ್ವ ವಾಟ್ಸಾಪ್‌ನಲ್ಲಿ ಹೇಳಿಕೊಟ್ಟಳು.

ಎರಡು ತಿಂಗಳು ರಜೆಯನ್ನೂ ಹಾಕಿದೆ. ಅಲ್ಲಿ 2007ರಿಂದ ಎಲ್ಟರ್ನ್‌ಗೆಲ್ಡ್ ಅನ್ನುವ ವ್ಯವಸ್ಥೆ ಇದೆ. ಮಗು ನೋಡಿಕೊಳ್ಳಲು ಕೆಲಸ ಬಿಟ್ಟು ಮನೆಯಲ್ಲಿರುವ ತಂದೆ ಅಥವಾ ತಾಯಿಗೆ ಸಂಬಳದ ಒಂದು ಪಾಲನ್ನು ಸರ್ಕಾರ ಕೊಡುತ್ತದೆ. ಒಬ್ಬರೇ ತೆಗೆದುಕೊಂಡರೆ 12 ತಿಂಗಳು. ಇನ್ನೊಬ್ಬರೂ ಕನಿಷ್ಠ 2 ತಿಂಗಳು ಮನೆಯಲ್ಲಿದ್ದರೆ ಒಟ್ಟು 14. ಆ ಎರಡು ತಿಂಗಳು ಹೆಚ್ಚು ಕಡಿಮೆ ಅಪ್ಪಂದಿರಿಗೆ ಅಂತಲೇ ಇಟ್ಟ ಕೊಕ್ಕೆ. ನಾನೂ ಆ ಕೊಕ್ಕೆಗೆ ಬಿದ್ದೆ. ಊರಿನ ಗೆಳೆಯರು ವಿಡಿಯೋ ಕಾಲ್‌ನಲ್ಲಿ ನಾನು ಡೈಪರ್ ಬದಲಿಸುವುದನ್ನು ನೋಡಿ "ಏನ್ ಅಪ್ಪನಲೇ ನೀನು!" ಅನ್ನೋರು. ನಾನು ಹೌದು ಅಂದುಕೊಂಡೆ.

ಮಗಳಿಗೆ ಒಂಬತ್ತು ತಿಂಗಳಾದಾಗ ಜಾಲಹಳ್ಳಿಗೆ ವಾಪಸ್ ಬಂದೆವು. ಗಂಗಮ್ಮ ಸರ್ಕಲ್‌ನಿಂದ ನಡೆದು ಹೋಗುವಷ್ಟು ಹತ್ತಿರ ಬಾಡಿಗೆ ಮನೆ. ತುರುವೇಕೆರೆ ಕಡೆಯ ಹಳ್ಳಿಯಿಂದ ಅವ್ವ ಬಂದಳು, ಅವಳು ತೋಟದ ಕೆಲಸಕ್ಕೆ ಊರಿಗೆ ಹೋದರೆ ಅತ್ತೆ. ಮೊದಲ ವಾರ ಸ್ನಾನ ಕೈಬಿಟ್ಟೆ. ಕಾಲು ನೀಡಿ ಕೂತು, ಕಾಲಿನ ಮೇಲೆ ಮಗುವನ್ನು ಹಾಕಿಕೊಂಡು ಅವ್ವ ಎರೆಯುವ ನೀರಿನ ಮುಂದೆ ನನ್ನ ಪ್ಲಾಸ್ಟಿಕ್ ಟಬ್ ಸ್ನಾನ ಎಲ್ಲಿಗೆ ಸಾಟಿ? ಎರಡನೇ ವಾರ ಊಟ ಮಾಡಿಸುವುದು ಹೋಯಿತು. ಆಮೇಲೆ ರಾತ್ರಿ ಏಳುವುದು. ಯಾರೂ ಕಿತ್ತುಕೊಳ್ಳಲಿಲ್ಲ, ನಾನೇ ಒಂದೊಂದಾಗಿ ಕೊಟ್ಟೆ.

ಹೋದ ತಿಂಗಳು ಇನ್ನೊಂದು ನಡೆಯಿತು. ಸಂಜೆ ಏಳು ಗಂಟೆ, ಜರ್ಮನಿಯವರ ಜೊತೆ ಕಾಲ್. ಅವ್ವ ಮತ್ತು ಹೆಂಡತಿ ತರಕಾರಿ ತರಲು ಹೋಗಿದ್ದರು. ಮಗಳು ಹಾಲ್‌ನಲ್ಲಿ ಆಡುತ್ತಿದ್ದಳು, ನಾನು ರೂಮಿನ ಬಾಗಿಲು ತೆರೆದಿಟ್ಟು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದೆ. ಹೊರಗಿನ ಸದ್ದನ್ನೆಲ್ಲ ನುಂಗುವ ದುಬಾರಿ ಹೆಡ್‌ಫೋನ್. ಅವಳು ದಿವಾನ್ ಹತ್ತಿ ಬಿದ್ದಳು. ತುಟಿ ಒಡೆಯಿತು. ಎದುರು ಮನೆಯ ಅಂಕಲ್‌ಗೆ ಅಳು ಕೇಳಿಸಿ ಬಂದು ಬಾಗಿಲು ಬಡಿದರು. ಅದೂ ನನಗೆ ಕೇಳಿಸಲಿಲ್ಲ. ಹೆಂಡತಿ ಬಂದು ಬೀಗ ತೆರೆದಾಗ ಮಗು ಅತ್ತೂ ಅತ್ತೂ ಸುಸ್ತಾಗಿ, ರಕ್ತ ಮೆತ್ತಿದ ಬೆರಳು ಚೀಪುತ್ತಾ ನೆಲದ ಮೇಲೆ ಕೂತಿದ್ದಳಂತೆ. ನಾನು ಸ್ಕ್ರೀನ್ ಶೇರ್ ಮಾಡುತ್ತಿದ್ದೆ.

ಗಾಯ ಸಣ್ಣದು, ಮೂರು ದಿನಕ್ಕೆ ವಾಸಿಯಾಯಿತು. ಆದರೆ ಆ ರಾತ್ರಿ ನನಗೆ ಭಾನುವಾರ ಸಂಜೆ ದೂರದರ್ಶನದಲ್ಲಿ ನೋಡಿದ 'ಭಕ್ತ ಕುಂಬಾರ' ನೆನಪಾಗಿ ಮೈ ಜುಂ ಅಂದಿತು. 1974ರ ಸಿನಿಮಾ, ಗೋರನಾಗಿ ರಾಜ್‌ಕುಮಾರ್. ವಿಠಲನ ಧ್ಯಾನದಲ್ಲಿ ಮೈಮರೆತು ಮಣ್ಣು ತುಳಿಯುತ್ತಿರುತ್ತಾನೆ, ಅಂಬೆಗಾಲಿಡುತ್ತಾ ಬಂದ ಸ್ವಂತ ಮಗು ಕಾಲಡಿ ಸಿಕ್ಕಿದ್ದು ಅವನಿಗೆ ಗೊತ್ತೇ ಆಗುವುದಿಲ್ಲ. ಚಿಕ್ಕವನಿದ್ದಾಗ ಅದನ್ನು ಭಕ್ತಿಯ ಕಥೆ ಅಂತ ನೋಡಿದ್ದೆ. ಈಗ ಅದು ಕೆಲಸ ಮಾಡುವ ಅಪ್ಪನ ಕಥೆಯಾಗಿ ಕಾಣುತ್ತದೆ. ಅವನಿಗಾದರೋ ಕೊನೆಗೆ ಪಾಂಡುರಂಗ ಮಗುವನ್ನು ವಾಪಸ್ ಕೊಟ್ಟ.

ಹೆಂಡತಿ ಬೈಯಲಿಲ್ಲ. ನಾನೇ ಮಾತು ತೆಗೆದು, "ಅಲ್ಲಿದ್ದಾಗ ನಾನು ಹಿಂಗಿರ್ಲಿಲ್ಲ ಅಲ್ವಾ" ಅಂದೆ. ಅವಳು ಬಟ್ಟೆ ಮಡಚುತ್ತಾ, "ಅಲ್ಲಿ ಬೇರೆ ಯಾರೂ ಇರ್ಲಿಲ್ಲ ರೀ, ಅಷ್ಟೇ" ಅಂದಳು.

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಬೇರೆ ದಾರಿಯಿಲ್ಲದೆ ಮಾಡಿದ ಒಳ್ಳೆಯ ಕೆಲಸ ಒಳ್ಳೆಯತನವಾಗುತ್ತದಾ? 1785ರಲ್ಲಿ ಜರ್ಮನ್ ತತ್ವಜ್ಞಾನಿ ಇಮಾನ್ಯುಯೆಲ್ ಕಾಂಟ್ ಬರೆದ ಒಂದು ಪುಸ್ತಕದಲ್ಲಿ ಅಂಗಡಿಯವನ ಉದಾಹರಣೆ ಬರುತ್ತದೆ. ಅವನು ಯಾರಿಗೂ ಮೋಸ ಮಾಡುವುದಿಲ್ಲ. ಮಕ್ಕಳು ಬಂದರೂ ಅದೇ ಬೆಲೆಗೆ ಕೊಡುತ್ತಾನೆ. ಆದರೆ ಕಾರಣ ವ್ಯಾಪಾರ. ಹೆಸರು ಕೆಟ್ಟರೆ ಗಿರಾಕಿ ಹೋಗುತ್ತಾರೆ. ಕೆಲಸ ಸರಿಯೇ, ಆದರೆ ಅದಕ್ಕೆ ನೈತಿಕ ಬೆಲೆ ಇಲ್ಲ ಅನ್ನುತ್ತಾನೆ ಕಾಂಟ್. ಸ್ಟುಟ್‌ಗಾರ್ಟ್‌ನ ನಾನು ಆ ಅಂಗಡಿಯವನೇ ಏನು? ಏಳದಿದ್ದರೆ ಮಗು ಹಸಿದಿರುತ್ತಿತ್ತು, ಹೆಂಡತಿ ಕುಸಿದು ಬೀಳುತ್ತಿದ್ದಳು. ಜೊತೆಗೆ ಸರ್ಕಾರ ದುಡ್ಡು ಕೊಡುತ್ತಿತ್ತು, ಗೆಳೆಯರು ಹೊಗಳುತ್ತಿದ್ದರು.

ಹಾಗಾದರೆ ನನ್ನ ಅಪ್ಪನ ಲೆಕ್ಕವನ್ನು ಹೇಗೆ ಮಾಡೋದು? ಅವನು ನನ್ನನ್ನು ಎತ್ತಿಕೊಂಡ ನೆನಪು ನನಗಿಲ್ಲ. ಮೊನ್ನೆ ಫೋನಿನಲ್ಲಿ ಕೇಳಿಯೇಬಿಟ್ಟೆ. "ನಮ್ಮಪ್ಪನ ಎದುರಿಗೆ ನನ್ ಮಗೀನ ಎತ್ಕಂಡ್ರೆ ಏನನ್ಕಂಬುಟ್ಟಾರು? ನಾಚ್ಕೆ ಆಗದು ಕಣಪ್ಪ" ಅಂದ. ತುಂಬಿದ ಮನೆ, ಹಿರಿಯರ ಮುಂದೆ ಸ್ವಂತ ಮಗುವನ್ನು ಮುದ್ದಿಸುವುದು ಗಂಡಸಿಗೆ ಸಲ್ಲದು ಅನ್ನುವ ಕಾಲ. ಎದುರು ಮನೆಯ ಅಂಕಲ್ ಎಚ್‌ಎಂಟಿಯಲ್ಲಿದ್ದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಇಲ್ಲಿ ಶುರುವಾದ ವಾಚ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. "ಫಸ್ಟ್ ಶಿಫ್ಟ್‌ಗೆ ಹೋಗೋವಾಗ ಮಕ್ಳು ಮಲ್ಗಿರೋವು, ಓವರ್‌ಟೈಮ್ ಮುಗ್ಸಿ ಬಂದ್ರೂ ಮಲ್ಗಿರೋವು. ಊರಿಗೆಲ್ಲ ಟೈಮ್ ಕೊಟ್ವಿ ನೋಡಿ" ಅಂತ ನಗುತ್ತಾರೆ. ಇವರಿಬ್ಬರ ಕೈ ಕಟ್ಟಿತ್ತು. ಒಬ್ಬರಿಗೆ ನಾಚಿಕೆ, ಇನ್ನೊಬ್ಬರಿಗೆ ಶಿಫ್ಟು. ಸಿಕ್ಕ ಸಂದರ್ಭಕ್ಕೆ ನಾನು ಒಳ್ಳೆಯವನಾಗಿದ್ದರೆ, ಸಿಗದ ಸಂದರ್ಭಕ್ಕೆ ಅವರನ್ನು ಕೆಟ್ಟ ಅಪ್ಪಂದಿರು ಅನ್ನುವ ಹಾಗಿಲ್ಲ.

ಹಾಗಂತ ಎಲ್ಲವನ್ನೂ ಸಂದರ್ಭದ ತಲೆಗೆ ಕಟ್ಟುವುದೂ ಸುಲಭದ ದಾರಿಯೇ. ನಮ್ಮಲ್ಲಿ 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು ತಾಯಿಯ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಕೇಂದ್ರ ಸರ್ಕಾರಿ ನೌಕರನಾದರೆ ಅಪ್ಪನಿಗೂ 15 ದಿನ ಸಿಗುತ್ತದೆ. ಖಾಸಗಿ ಕಂಪನಿಯ ಅಪ್ಪನಿಗೆ ಇಷ್ಟು ಕೊಡಲೇಬೇಕು ಅನ್ನುವ ಕಾನೂನು ಇಲ್ಲ. ಇದು ಬದಲಾಗಬೇಕು, ಅನುಮಾನ ಬೇಡ. ಆದರೆ ಆ ಸಂಜೆ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದ್ದು ಕಾನೂನಲ್ಲ. "ಮಗು ಒಬ್ಬಳೇ ಇದ್ದಾಳೆ, ಅರ್ಧ ಗಂಟೆ ಬಿಟ್ಟು ಸೇರ್ತೀನಿ" ಅಂದಿದ್ದರೆ ಜರ್ಮನಿಯವರು ಬೇಡ ಅನ್ನುತ್ತಿರಲಿಲ್ಲ. ಅಪ್ಪನಿಗೆ ಇಲ್ಲದ ಆಯ್ಕೆ ನನಗಿತ್ತು.

ಕಾಂಟ್‌ಗಿಂತ ಬಹಳ ಹಿಂದಿನ ಅರಿಸ್ಟಾಟಲ್ ಇದನ್ನು ಬೇರೆ ಥರ ನೋಡುತ್ತಾನೆ. ಮನೆ ಕಟ್ಟುತ್ತಾ ಕಟ್ಟುತ್ತಾ ಗಾರೆಯವನಾಗುವ ಹಾಗೆ, ನ್ಯಾಯದ ಕೆಲಸ ಮಾಡುತ್ತಾ ಮಾಡುತ್ತಾ ಮನುಷ್ಯ ನ್ಯಾಯವಂತನಾಗುತ್ತಾನೆ ಅನ್ನುವುದು ಅವನ ವಾದ. ನನಗೆ ಇದು ಅನುಭವದಿಂದ ನಿಜ ಅನ್ನಿಸುತ್ತದೆ. ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ನನಗೆ ಆಗಿದ್ದು ಬರೀ ಭಯ. ಸಿನಿಮಾದಲ್ಲಿ ತೋರಿಸುವ ಹಾಗೆ ಕಣ್ಣು ತುಂಬಿ ಬರಲಿಲ್ಲ. ಪ್ರೀತಿ ಅನ್ನುವುದು ಬಂದಿದ್ದು ಇಪ್ಪತ್ತು, ಮೂವತ್ತು ಡೈಪರ್ ಆದ ಮೇಲೆ, ಅವಳ ಯಾವ ಅಳು ಹಸಿವಿನದು, ಯಾವುದು ನಿದ್ದೆಯದು ಅಂತ ಕೈಗೆ ಗೊತ್ತಾದ ಮೇಲೆ. ಬಲವಂತದಿಂದ ಶುರುವಾಯಿತು ಅನ್ನುವ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ.

ಆದರೆ ಕಲಿತ ಕೈ ಬಿಟ್ಟರೆ ಮರೆಯುತ್ತದೆ. ಈಗ ರಾತ್ರಿ ಎಚ್ಚರವಾದರೆ ಮಗಳು "ಅಜ್ಜಿ" ಅನ್ನುತ್ತಾಳೆ. ಅಜ್ಜಿ ಸಿಕ್ಕಿದ್ದು ಅವಳ ಪುಣ್ಯ, ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಅವ್ವನ ತೋಳಿಂದ ಮಗುವನ್ನು ಕಿತ್ತುಕೊಂಡು ನನ್ನ ಒಳ್ಳೆಯತನ ಸಾಬೀತು ಮಾಡುವುದು ಇನ್ನೊಂದು ಬಗೆಯ ಸ್ವಾರ್ಥ. ಅರವತ್ತೆರಡರ ವಯಸ್ಸಿನಲ್ಲಿ ರಾತ್ರಿ ಎರಡಕ್ಕೆ ಅವಳೇ ಏಳಲಿ ಅಂತ ಹೊದ್ದು ಮಲಗುವುದಕ್ಕೆ ಏನು ಹೆಸರು ಇಡೋದು ಅನ್ನುವುದಷ್ಟೇ ನನ್ನ ತಕರಾರು. ಕಾಂಟ್‌ನ ಅಂಗಡಿಯವನ ತಕ್ಕಡಿಯನ್ನು ಪರೀಕ್ಷೆ ಮಾಡಬೇಕಾದ್ದು ಗಿರಾಕಿ ಕಣ್ಣಿಟ್ಟ ದಿನವಲ್ಲ, ಯಾರೂ ನೋಡದ ದಿನ. ಸ್ಟುಟ್‌ಗಾರ್ಟ್‌ನಲ್ಲಿ ನಾನು ತರಬೇತಿ ಪಡೆದೆ. ಪರೀಕ್ಷೆ ಇರುವುದು ಜಾಲಹಳ್ಳಿಯಲ್ಲಿ, ಸಹಾಯಕ್ಕೆ ಜನ ಇರುವ ಈ ಮನೆಯಲ್ಲಿ.

ಏಳು ಗಂಟೆಯ ಕಾಲನ್ನು ಮಧ್ಯಾಹ್ನ ಮೂರಕ್ಕೆ ಹಾಕಿಸಿಕೊಂಡಿದ್ದೇನೆ. ಕೇಳಿದ್ದಕ್ಕೆ ಒಂದೇ ಮೇಲ್‌ನಲ್ಲಿ ಒಪ್ಪಿದರು, ಅಷ್ಟು ಸುಲಭವಿತ್ತು. ಕಾಲು ನೀಡಿಕೊಂಡು ನೀರೆರೆಯುವುದನ್ನು ಅವ್ವನ ಹತ್ತಿರ ಕಲಿಯುತ್ತಿದ್ದೇನೆ. ಮಂಡಿ ಬಗ್ಗಿಸಬೇಡ, ಮಗು ಜಾರ್ತದೆ ಅಂತ ಬೈಸಿಕೊಳ್ಳುತ್ತೇನೆ. ನಿನ್ನೆ ರಾತ್ರಿ ಅವ್ವನಿಗಿಂತ ಮೊದಲು ಎದ್ದೆ. ಮಗಳು ನನ್ನ ಮುಖ ನೋಡಿ "ಅಜ್ಜಿ" ಅಂತ ಇನ್ನೂ ಜೋರಾಗಿ ಅತ್ತಳು. ಅವ್ವ ಬಾಗಿಲಲ್ಲಿ ಬಂದು ನಿಂತಳು. "ನೀ ಮಲಿಕ್ಕ ಅವ್ವ" ಅಂದೆ. ಮುಕ್ಕಾಲು ಗಂಟೆ ಹಿಡಿಯಿತು ಅವಳು ಸುಮ್ಮನಾಗಲು.